ಒಂದೇ ಈರುಳ್ಳಿಯ ಸೂಪು

ನಮ್ಮ ಎರ್ಲೆ ಚಿಕ್ಕಪ್ಪ ಈರುಳ್ಳಿಯನ್ನು ತರಕಾರಿ ಎಂದು ಕರೆದವರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದರು. ಹೂಕೋಸು ತರಕಾರಿ, ಕ್ಯಾರೆಟ್ಟು ತರಕಾರಿ, ಅವೆಲ್ಲ ಕೊಂಡವರ ಮನೆಯಲ್ಲಿ ವಾರದೊಳಗೆ ಬಾಡುವ ಸಾಮಾನು. ಫ್ರಾನ್ಸಿನ ಕಡಲಂಚಿನ ನಮ್ಮೂರು ರೋಸ್ಕೋಫಿನ ಗುಲಾಬಿ ಈರುಳ್ಳಿಯನ್ನು ಆ ಸಾಲಿನಲ್ಲಿ ಕೂರಿಸುವುದೆಂದರೆ ನಮ್ಮ ಚರ್ಚಿನ ಪಾದ್ರಿಯನ್ನು ಮೀನು ಮಾರುವವರ ಪಕ್ಕ ಬುಟ್ಟಿ ಕೊಟ್ಟು ಕೂರಿಸಿದ ಹಾಗೆ. ಎಪ್ಪತ್ತಾರು ವರ್ಷದ ಬದುಕಿನಲ್ಲಿ ಒಂದೇ ಒಂದು ಸಲ ಅವರು ಈರುಳ್ಳಿ ತರಕಾರಿ ಹೌದು ಎಂದು ಒಪ್ಪಿದರು. ಒಪ್ಪಿಸಿದವನು ನಾನು. ಅವರು ತೀರಿಕೊಂಡು ಎರಡು ವರ್ಷವಾಯಿತು, ಆ ಒಪ್ಪಿಗೆಯ ಸಾಲ ಇನ್ನೂ ನನ್ನ ತಲೆಯ ಮೇಲಿದೆ.

ಅವರ ಕಾಲದ ರೋಸ್ಕೋಫಿನ ಗಂಡಸರಂತೆ ಚಿಕ್ಕಪ್ಪನೂ ಹದಿನೈದಕ್ಕೇ ಸಮುದ್ರ ದಾಟಿದವರು. ಜುಲೈ ಬಂತೆಂದರೆ ಈರುಳ್ಳಿ ತುಂಬಿದ ಹಡಗು ಹತ್ತಿ ವೇಲ್ಸಿಗೆ ಹೋಗುವುದು, ಅಲ್ಲಿ ಯಾವುದೋ ಗೋದಾಮಿನ ಹುಲ್ಲಿನ ಮೇಲೆ ಮಲಗುವುದು, ಈರುಳ್ಳಿಯ ಒಣ ದಂಟುಗಳನ್ನು ಸೇರಿಸಿ ಜಡೆ ಹೆಣೆಯುವುದು, ಆ ಜಡೆಗಳನ್ನು ಸೈಕಲ್ಲಿನ ಹಿಡಿಗೆ ಇಳಿಬಿಟ್ಟುಕೊಂಡು ಮನೆಮನೆಯ ಬಾಗಿಲು ತಟ್ಟುವುದು. ಕ್ರಿಸ್‌ಮಸ್ಸಿಗೆ ವಾಪಸು. ನಲವತ್ತು ವರ್ಷ ಹೀಗೆ. ನಮ್ಮ ಬ್ರೆಟನ್ ಭಾಷೆಗೂ ಅವರ ವೆಲ್ಷಿಗೂ ಅಕ್ಕತಂಗಿಯರ ಹೋಲಿಕೆ ಇರುವುದರಿಂದ ಚಿಕ್ಕಪ್ಪ ಅಲ್ಲಿನ ಹೆಂಗಸರ ಜೊತೆ ಹರಟುತ್ತಲೇ ಮಾರುತ್ತಿದ್ದರು. ಮನೆಗೆ ಬಂದ ಮೇಲೆ ಆ ಹರಟೆಯ ಲೆಕ್ಕ ತೆಗೆಯುತ್ತಿದ್ದವರು ಕಟೆಲ್ ಚಿಕ್ಕಮ್ಮ. ವೇಲ್ಸಿನ ಸ್ವಾನ್ಸೀ ಊರಿನಲ್ಲಿ ಪ್ರಿಚರ್ಡ್ ಎಂಬ ಹೆಂಗಸೊಬ್ಬಳು ಪ್ರತಿ ವರ್ಷ ಒಂದಲ್ಲ, ಎರಡು ಜಡೆ ಕೊಳ್ಳುತ್ತಿದ್ದಳಂತೆ. ಚಿಕ್ಕಪ್ಪನಿಗೆ ಏನಾದರೂ ಅನ್ನಬೇಕಾದಾಗಲೆಲ್ಲ ಚಿಕ್ಕಮ್ಮ ಅವಳನ್ನು ಎಳೆದು ತರುತ್ತಿದ್ದರು. ಕೋಟಿನ ಗುಂಡಿ ಕಿತ್ತರೆ, ಹೋಗಿ ನಿಮ್ಮ ಎರಡು ಜಡೆಯವಳ ಹತ್ತಿರ ಹೊಲಿಸ್ಕೊಂಡು ಬನ್ನಿ. ಚಿಕ್ಕಪ್ಪ ಮೀಸೆಯಲ್ಲೇ ನಗುತ್ತಿದ್ದರು. ಮಕ್ಕಳಿಲ್ಲದ ಆ ಮನೆಯಲ್ಲಿ ಅದೊಂದು ಸಾಕಿದ ತಮಾಷೆ.

ನಾನು ಕಟೆಲ್ ಚಿಕ್ಕಮ್ಮನ ಅಕ್ಕನ ಮಗ. ಹೆಸರು ಗೂಲ್ವೆನ್. ಚಿಕ್ಕಪ್ಪ ಕರೆಯುತ್ತಿದ್ದದ್ದು ದಪ್ಪ ಎಂದು, ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಹಳೆ ಬಂದರಿನ ಎದುರು ಒಂಬತ್ತು ಮೇಜಿನ ಹೋಟೆಲು ಇಟ್ಟುಕೊಂಡಿದ್ದೇನೆ. ಒಂಬತ್ತು ಮೇಜು ಇಟ್ಟವನಿಗೆ ತಾನು ದೊಡ್ಡ ಅಡುಗೆಯವನೆಂಬ ಭ್ರಮೆ ಇರುತ್ತದೆ. ನನಗೆ ಹನ್ನೆರಡು ಮೇಜಿನಷ್ಟು ಇತ್ತು.

ಅವರು ತೀರಿಕೊಳ್ಳುವ ಹಿಂದಿನ ಅಕ್ಟೋಬರಿನಲ್ಲಿ ಚಿಕ್ಕಪ್ಪನ ಬಲಗಾಲಿನ ಹೆಬ್ಬೆರಳಿಗೆ ಬೂಟು ಕಚ್ಚಿತು. ಕಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಕಾಲುಚೀಲ ಒಗೆಯುವಾಗ ಚಿಕ್ಕಮ್ಮನಿಗೆ ಗೊತ್ತಾಯಿತು. ಡಾಕ್ಟರು ನೋಡಿ, ಸಕ್ಕರೆ ಕಾಯಿಲೆ ಹಳೆಯದು, ಗಾಯ ಹೊಸದು, ಸಕ್ಕರೆ ಇಳಿದರೆ ಗಾಯ ಮಾಯುತ್ತದೆ, ಇಳಿಯದಿದ್ದರೆ ಬೆರಳಿನಿಂದ ಪಾದಕ್ಕೆ, ಪಾದದಿಂದ ಮೇಲಕ್ಕೆ ಹೋಗುತ್ತದೆ, ಆಮೇಲೆ ಕಾಲು ತೆಗೆಯದೆ ಬೇರೆ ದಾರಿಯಿಲ್ಲ ಎಂದರು. ಮಾತ್ರೆಗಳ ಜೊತೆ ಒಂದು ಹಾಳೆಯನ್ನೂ ಕೊಟ್ಟರು. ಹಿಟ್ಟು, ಪಿಷ್ಟ ಇರುವುದೆಲ್ಲ ಬಂದ್. ಬ್ರೆಡ್ಡು ಬೇಡ, ಆಲೂಗಡ್ಡೆ ಬೇಡ, ನಮ್ಮ ಕಡೆಯ ಕಪ್ಪುಹಿಟ್ಟಿನ ದೋಸೆ ಬೇಡ, ಸೇಬಿನ ಸೈಡರ್ ಬೇಡ. ಕೊನೆಯ ಸಾಲು: ತರಕಾರಿ, ಧಾರಾಳವಾಗಿ.

ಸೈಕಲ್ಲಿನ ಮೇಲೆ ನಲವತ್ತು ವರ್ಷ ಕಳೆದ ಗಂಡಸಿಗೆ ಕಾಲು ಹೋಗುತ್ತದೆ ಅಂದರೆ ಏನೆಂದು ಚಿಕ್ಕಮ್ಮನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಅವರು ಆ ದಿನವೇ ಬ್ರೆಡ್ಡಿನ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟುಬಂದರು. ಉಳಿದದ್ದು ರಾತ್ರಿಯೂಟ. ಚಿಕ್ಕಪ್ಪನ ರಾತ್ರಿಯೂಟ ಎಂದರೆ ಮದುವೆಯಾದಾಗಿನಿಂದ ಒಂದೇ: ಉಪ್ಪು ಬೆಣ್ಣೆಯಲ್ಲಿ ಹುರಿದ ಈರುಳ್ಳಿಯ ಸೂಪು, ಅದರ ಮೇಲೆ ದಪ್ಪ ಬ್ರೆಡ್ಡು, ಬ್ರೆಡ್ಡಿನ ಮೇಲೆ ಚೀಸು, ಮಣ್ಣಿನ ಬಟ್ಟಲ ಸಮೇತ ಒಲೆಯೊಳಗಿಟ್ಟು ಕೆಂಪಗೆ ಮಾಡಿದ್ದು. ಬೇರೆ ಏನು ಕೊಟ್ಟರೂ ಅವರು ಎರಡು ತುತ್ತು ತಿಂದು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದರು.

ಚಿಕ್ಕಮ್ಮ ಹಾಳೆ ಹಿಡಿದುಕೊಂಡು ನನ್ನ ಅಡುಗೆಮನೆಗೆ ಬಂದರು. ಬ್ರೆಡ್ಡಿಲ್ಲದೆ ಮಾಡಿ ನೋಡಿದ್ದರಂತೆ. ಚೀಸು ಕಲ್ಲಿನ ಹಾಗೆ ತಳ ಸೇರಿತಂತೆ. ಚಿಕ್ಕಪ್ಪ ಚಮಚದಲ್ಲಿ ಕೆದಕಿ, ಮುಳುಗಿದವರನ್ನ ಹುಡುಕೋದು ದೋಣಿಯೋರ ಕೆಲಸ, ನನ್ನದಲ್ಲ ಅಂದರಂತೆ.

“ಚೀಸಿಗೆ ಕೆಳಗೆ ಏನಾದ್ರೂ ಬೇಕಲ್ಲೋ,” ಎಂದರು ಚಿಕ್ಕಮ್ಮ. ಆಮೇಲೆ ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, “ಈರುಳ್ಳಿ ತರಕಾರಿನೇ ತಾನೆ?”

ಇನ್ನೇನು ಚಿಕ್ಕಮ್ಮ, ಹೂವಾ ಎಂದು ನಾನು ನಕ್ಕೆ. ನಕ್ಕಿದ್ದೂ ಅಲ್ಲದೆ ಆ ಗಳಿಗೆಯಲ್ಲೇ ನನಗೊಂದು ಯೋಚನೆ ಹೊಳೆಯಿತು. ಇಬ್ಬರಿಗೆ ನಾಲ್ಕು ಈರುಳ್ಳಿ ಹಾಕುವ ಕಡೆ ಒಂದೂವರೆ ಕಿಲೋ ಹಾಕಿ, ಎರಡು ಗಂಟೆ ಸಣ್ಣ ಉರಿಯಲ್ಲಿ ಇಳಿಸಿದರೆ ಅದು ಮುರಬ್ಬದ ಹಾಗೆ ಗಟ್ಟಿಯಾಗುತ್ತದೆ. ಅದರ ಮೇಲೆ ಚೀಸು ಹಾಸಿಗೆಯ ಮೇಲೆ ಮಲಗಿದ ಹಾಗೆ ಮಲಗುತ್ತದೆ. ಹಿಟ್ಟಿಲ್ಲ, ಬ್ರೆಡ್ಡಿಲ್ಲ. ಮಾಡಿಯೂ ತೋರಿಸಿದೆ. ಚಿಕ್ಕಮ್ಮ ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ದರು.

ಮರುದಿನ ಚಿಕ್ಕಪ್ಪನೇ ಕುಂಟುತ್ತ ಹೋಟೆಲಿಗೆ ಬಂದರು. “ಲೇ ದಪ್ಪ, ಡಾಕ್ಟ್ರು ಹೇಳಿದ್ರೆ ಈರುಳ್ಳಿ ತರಕಾರಿನೇ ಇರ್ಲಿ ಬಿಡು. ಒಪ್ಪಿದೀನಿ. ಇನ್ನು ಅದನ್ನೇ ಧಾರಾಳವಾಗಿ ಹಾಕು.”

ಹಾಕಿದೆವು. ಆರು ವಾರ ಹಾಕಿದೆವು. ಬ್ರೆಡ್ಡಿಲ್ಲದ ಹಸಿವಿಗೆ ಅವರು ಎರಡು ಬಟ್ಟಲು ತಿನ್ನುತ್ತಿದ್ದರು. ನನ್ನ ಹೆಮ್ಮೆ ಎಷ್ಟಿತ್ತೆಂದರೆ ಹೋಟೆಲಿನ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ: ಸಕ್ಕರೆ ಕಾಯಿಲೆಯವರಿಗಾಗಿ ಕಟೆಲ್ ಅಮ್ಮನ ಸೂಪು. ಪ್ಯಾರಿಸಿನಿಂದ ಬಂದ ಮೂವರು ತಿಂದು ಹೊಗಳಿಯೂ ಹೋದರು. ಅವರಿಗೆ ಕಾಯಿಲೆ ಇರದಿದ್ದರೆ ಸಾಕು ಎಂದು ಈಗ ಅಂದುಕೊಳ್ಳುತ್ತೇನೆ.

ಸಕ್ಕರೆ ಮಾತ್ರ ಇಳಿಯಲಿಲ್ಲ. ಗಾಯಕ್ಕೆ ಪಟ್ಟಿ ಕಟ್ಟಲು ಮನೆಗೆ ಬರುತ್ತಿದ್ದ ನರ್ಸು ಎನೋರಾ ಬೆರಳು ಚುಚ್ಚಿ ನೋಡಿದಾಗಲೆಲ್ಲ ಹುಬ್ಬು ಗಂಟಿಕ್ಕುತ್ತಿದ್ದಳು. ಕದ್ದು ಬ್ರೆಡ್ಡು ತಿನ್ನುತ್ತಾರಾ ಎಂದು ಚಿಕ್ಕಮ್ಮನನ್ನು ಕೇಳಿದಳು. ಚಿಕ್ಕಮ್ಮನಿಗೆ ಅವಮಾನವಾಯಿತು, ಮನೆಯ ಕಪಾಟುಗಳನ್ನೆಲ್ಲ ತೆರೆದು ತೋರಿಸಿದರು. ಎನೋರಾ ಮೊರ್ಲೇ ಊರಿನವಳು. ಅವರ ಕಡೆ ಈರುಳ್ಳಿಯನ್ನು ಒಗ್ಗರಣೆಗೆ ಅಂತ ಕೊಳ್ಳುತ್ತಾರೆ. ಡಿಸೆಂಬರಿನ ಒಂದು ಸಂಜೆ ಅವಳು ಬೇಗ ಬಂದಳು. ಚಿಕ್ಕಮ್ಮ ಈರುಳ್ಳಿ ಹೆಚ್ಚುತ್ತ ಕೂತಿದ್ದರು, ನಾನು ಕಣ್ಣೊರೆಸಿಕೊಳ್ಳುತ್ತ ಸಿಪ್ಪೆ ಬಿಡಿಸುತ್ತಿದ್ದೆ.

“ಮನೇಲಿ ಏನಾದ್ರೂ ವಿಶೇಷನಾ ಅಮ್ಮಾ? ಎಷ್ಟು ಜನ ಊಟಕ್ಕೆ?”

“ಇವರೊಬ್ರಿಗೆ. ನನಗೆ ರಾತ್ರಿ ಹಾಲು ಸಾಕು.”

ಎನೋರಾ ಹಲಗೆಯ ಮೇಲಿನ ಗುಡ್ಡವನ್ನು ನೋಡಿದಳು, ನಮ್ಮಿಬ್ಬರನ್ನು ನೋಡಿದಳು, ಕುರ್ಚಿ ಎಳೆದುಕೊಂಡು ಕೂತಳು. ಈರುಳ್ಳಿಯ ಸಿಹಿ ಸಿಹಿಯೇ ಎಂದು ಮೆಲ್ಲಗೆ ಹೇಳಿದಳು. ಒಂದು ತಿಂದರೆ ಏನೂ ಇಲ್ಲ, ಕಿಲೋಗಟ್ಟಲೆ ತಿಂದರೆ ಬ್ರೆಡ್ಡು ತಿಂದ ಹಾಗೇ. ಡಾಕ್ಟರು ಹಾಳೆಯಲ್ಲಿ ಅದನ್ನು ಬರೆಯಲಿಲ್ಲ, ಯಾಕೆಂದರೆ ಈರುಳ್ಳಿಯನ್ನು ಅನ್ನದ ಹಾಗೆ ತಿನ್ನುವವರಿರುತ್ತಾರೆಂದು ಯಾರೂ ಯೋಚಿಸುವುದಿಲ್ಲ. ಕಾಲಿನ ರಕ್ತನಾಳ ಎಷ್ಟೋ ವರ್ಷದಿಂದ ಕಟ್ಟಿಕೊಂಡು ಬಂದಿದೆ, ಸೂಪೊಂದೇ ಕಾರಣ ಅಂತ ತಿಳಿಯಬೇಡಿ ಎಂದೂ ಹೇಳಿದಳು. ಆ ಎರಡನೆಯ ಮಾತು ನಮ್ಮಿಬ್ಬರಲ್ಲಿ ಯಾರ ಕಿವಿಗೂ ಇಳಿಯಲಿಲ್ಲ.

ಚಿಕ್ಕಮ್ಮ ಚಾಕು ಕೆಳಗಿಟ್ಟರು. ಒಳಗಿನ ಕೋಣೆಯ ಕಡೆ ತಲೆ ತಿರುಗಿಸಿ, “ನೀನೇ ಹೋಗಿ ಹೇಳು,” ಎಂದರು.

ಚಿಕ್ಕಪ್ಪ ಕಾಲನ್ನು ಮಣೆಯ ಮೇಲಿಟ್ಟುಕೊಂಡು ಆ ವರ್ಷದ ಕೊನೆಯ ಜಡೆ ಹೆಣೆಯುತ್ತಿದ್ದರು. ನಾನು ಸುತ್ತಿ ಬಳಸಿ ಹೇಳಿದೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ನಿನ್ನ ಹೊಟ್ಟೆ ನೋಡಿದ ಮೇಲೂ ನಿನ್ನ ಮಾತು ಕೇಳಿದೆನಲ್ಲ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ನಾರಿನ ಗಂಟು ಬಿಗಿದರು. ಕಾಲಿನ ಕಡೆ ನೋಡಲೂ ಇಲ್ಲ.

“ಎಲ್ಲಾ ಈರುಳ್ಳಿನೂನಾ, ನಮ್ಮ ಗುಲಾಬಿದೊಂದೇನಾ?”

ಎಲ್ಲವೂ ಎಂದೆ. ನಮ್ಮದು ಸ್ವಲ್ಪ ಹೆಚ್ಚು ಸಿಹಿ.

“ಪ್ರಿಚರ್ಡ್ ಗಂಡನಿಗೆ ಸಕ್ಕರೆ ಕಾಯಿಲೆ ಇತ್ತು,” ಎಂದರು ಚಿಕ್ಕಪ್ಪ.

ಆಮೇಲೆ ನಿಧಾನವಾಗಿ ಎಲ್ಲವನ್ನೂ ಹೇಳಿದರು. ಆತ ಕಲ್ಲಿದ್ದಲ ಗಣಿಯವನು. ಆಕೆ ಒಂದು ಜುಲೈನಲ್ಲಿ ಬಾಗಿಲಲ್ಲೇ ನಿಂತು ಗಂಡನ ಕಾಯಿಲೆ ಹೇಳಿಕೊಂಡು ಅತ್ತಳಂತೆ. ಚಿಕ್ಕಪ್ಪನಿಗೆ ಮೂವತ್ತು ವರ್ಷ, ಸೈಕಲ್ಲಿನ ಮೇಲೆ ಇನ್ನೂ ಹದಿನಾಲ್ಕು ಜಡೆ ಇತ್ತು. ಈರುಳ್ಳಿ ಔಷಧಿ ತಾಯಿ, ಧಾರಾಳವಾಗಿ ಸೂಪು ಮಾಡಿ ಕೊಡು, ಏನೂ ಆಗಲ್ಲ ಎಂದರು. ಎಲ್ಲ ಬಾಗಿಲಲ್ಲೂ ಹೇಳುತ್ತಿದ್ದ ಮಾತೇ ಅದು. ಅವರು ಅದನ್ನು ನಂಬಿಯೂ ಇದ್ದರು. ಅಂದಿನಿಂದ ಆಕೆ ಎರಡು ಜಡೆ ಕೊಳ್ಳತೊಡಗಿದಳು. ಒಂಬತ್ತನೆಯ ವರ್ಷ ಬಾಗಿಲು ತೆಗೆದವಳು ಒಂದು ಜಡೆ ಸಾಕು ಎಂದಳು. ಚಿಕ್ಕಪ್ಪ ಯಾಕೆಂದು ಕೇಳಲಿಲ್ಲ. ಮುಂದಿನ ವರ್ಷದಿಂದ ಆ ಬೀದಿಗೆ ಹೋಗಲೂ ಇಲ್ಲ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಎರಡು ಜಡೆಯವಳ ತಮಾಷೆಯನ್ನು ಆ ಮನೆಯಲ್ಲಿ ಮತ್ತೆ ಯಾರೂ ಆಡಲಿಲ್ಲ.

ಮರುದಿನದಿಂದ ನಾವು ಬೇರೆ ಸೂಪು ಮಾಡಿದೆವು. ಎನೋರಾ ಒಂದು ಈರುಳ್ಳಿಗೆ ಅನುಮತಿ ಕೊಟ್ಟಿದ್ದಳು. ಹೂಕೋಸಿನ ದಂಟನ್ನು ಈರುಳ್ಳಿಯ ಹಾಗೇ ತೆಳ್ಳಗೆ, ಅರ್ಧಚಂದ್ರದ ಆಕಾರದಲ್ಲಿ ಹೆಚ್ಚಿ ಬೆಣ್ಣೆಯಲ್ಲಿ ಕೆಂಪಾಗಿಸುವುದು, ಮೂಳೆಯ ಸಾರು ಎರೆಯುವುದು. ಚೀಸಿನ ಸಮಸ್ಯೆಯನ್ನು ಬಿಡಿಸಿದ್ದು ನಾನಲ್ಲ, ಚಿಕ್ಕಮ್ಮ. ಚೀಸನ್ನು ತುರಿದು ಬರೀ ಬಾಣಲೆಯ ಮೇಲೆ ಹರಡಿ, ಹಪ್ಪಳದ ಹಾಗೆ ಗರಿಗರಿ ಮಾಡಿ, ಕೊನೆಗೆ ಸೂಪಿನ ಮೇಲೆ ಬಿಟ್ಟರು. ತೇಲಿತು. ಆ ಒಂದು ಈರುಳ್ಳಿಯನ್ನು ಚಿಕ್ಕಪ್ಪನೇ ದಿನವೂ ಜಡೆಯಿಂದ ಕತ್ತರಿಸಿ ಕೊಡುತ್ತಿದ್ದರು. ಇಡೀ ಜಡೆಯನ್ನು ತಡವಿ, ಅದರಲ್ಲೇ ಸಣ್ಣದನ್ನು ಹುಡುಕಿ ಕೊಡುತ್ತಿದ್ದರು. ಸೂಪು ಹೇಗಿದೆ ಎಂದರೆ, “ಹೂಕೋಸು ನಾಟಕ ಚೆನ್ನಾಗೇ ಆಡುತ್ತೆ,” ಎಂದು ಬಟ್ಟಲು ಖಾಲಿ ಮಾಡುತ್ತಿದ್ದರು.

ಸಕ್ಕರೆ ಇಳಿಯಿತು. ಎನೋರಾ ಮೊದಲ ಸಲ ನಕ್ಕಳು. ಆದರೆ ಅಷ್ಟರಲ್ಲಿ ಕಪ್ಪು ಬಣ್ಣ ಹೆಬ್ಬೆರಳನ್ನು ದಾಟಿ ಪಾದಕ್ಕೆ ಬಂದಿತ್ತು. ಜನವರಿಯಲ್ಲಿ ಮಂಡಿಯ ಕೆಳಗೆ ತೆಗೆಯಬೇಕೆಂದು ಬ್ರೆಸ್ಟ್ ಪಟ್ಟಣದ ಆಸ್ಪತ್ರೆಯ ಡಾಕ್ಟರು ದಿನ ಗೊತ್ತುಮಾಡಿದರು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಚಿಕ್ಕಪ್ಪ ನನ್ನನ್ನು ಕರೆಸಿ ಸ್ವಾನ್ಸೀಯ ಆ ಹೆಂಗಸಿಗೆ ಕಾಗದ ಬರೆಯಲು ಕೂರಿಸಿದರು. ಅವರಿಗೆ ವೆಲ್ಷ್ ಮಾತಾಡಲು ಬರುತ್ತಿತ್ತು, ಬರೆಯಲು ಯಾವ ಭಾಷೆಯೂ ಸರಿಯಾಗಿ ಬರುತ್ತಿರಲಿಲ್ಲ. ನನ್ನ ಇಂಗ್ಲಿಷು ಹೋಟೆಲಿನದು; ಬೆಣ್ಣೆ, ಮೀನು, ಶೌಚಾಲಯ ಎಡಕ್ಕೆ, ಇಷ್ಟನ್ನು ತಪ್ಪಿಲ್ಲದೆ ಬರೆಯಬಲ್ಲೆ. ಹಾಗಾಗಿ ಸೂಪಿನ ಭಾಗ ಸಲೀಸಾಗಿ ಬಂತು. ಒಂದು ಈರುಳ್ಳಿ, ಹೆಚ್ಚು ಬೇಡ. ಹೂಕೋಸಿನ ದಂಟು. ಚೀಸು ಬೇರೆಯಾಗಿ. ಆಮೇಲಿನ ಮಾತಿಗೆ ನನ್ನಲ್ಲಿ ಪದವಿರಲಿಲ್ಲ. ನನಗೆ ಗೊತ್ತಿದ್ದ ಕ್ಷಮೆ ಒಂದೇ, ಮೀನು ತೀರಿಹೋದ ದಿನ ಗಿರಾಕಿಗಳಿಗೆ ಹೇಳುವುದು: ಕ್ಷಮಿಸಿ, ಮುಗಿದುಹೋಗಿದೆ. ಅದನ್ನೇ ಬರೆದೆ. ಓದಿ ಹೇಳು ಎಂದರು, ಓದಿದೆ. ಸರಿಯಾಗಿದೆ ಎಂದರು. ಬೀದಿಯ ಹೆಸರು, ಮನೆಯ ಸಂಖ್ಯೆ, ಬಾಗಿಲಿನ ಹಸಿರು ಬಣ್ಣವನ್ನೂ ಹೇಳಿದರು. ಆಕೆ ಬದುಕಿದ್ದರೆ ಎಂಬತ್ತೈದು ಇರಬೇಕು.

ಆಪರೇಷನ್ನಿನ ಹೊತ್ತಿಗೆ ಆಸ್ಪತ್ರೆಯ ಓಣಿಯಲ್ಲಿ ನಾನು, ಚಿಕ್ಕಮ್ಮ ಇಬ್ಬರೇ ಕೂತಿದ್ದೆವು. ಅಂಚೆಚೀಟಿ ಹಚ್ಚಿದ ಲಕೋಟೆ ನನ್ನ ಕೋಟಿನ ಜೇಬಿನಿಂದ ಇಣುಕುತ್ತಿತ್ತು. ಅದರಲ್ಲೇನಿದೆ ಎಂದು ಚಿಕ್ಕಮ್ಮ ಕೇಳಿದರು. ಹೇಳಿದೆ. ಅವರು ಮಡಿಲಲ್ಲಿ ಇಟ್ಟುಕೊಂಡಿದ್ದ ಚಿಕ್ಕಪ್ಪನ ಬೂಟುಗಳ ದಾರ ಸುತ್ತುತ್ತ ಬಿಚ್ಚುತ್ತ ಇದ್ದರು. ಎರಡೂ ಬೂಟು ತಂದಿದ್ದರು.

“ಅಂಚೆಗೆ ಹಾಕ್ಬೇಡ ಕಣೋ,” ಎಂದರು. “ಅವಳು ಬದುಕಿದ್ರೆ, ಗಂಡ ಇರೋಗಂಟ ಅವನಿಗೆ ಇಷ್ಟವಾದ್ದು ಮಾಡಿ ಬಡಿಸ್ದೆ ಅಂದ್ಕೊಂಡು ದಿಂಬಿಗೆ ತಲೆ ಕೊಡ್ತಿರ್ತಾಳೆ. ಅಷ್ಟಾದ್ರೂ ಇರ್ಲಿ ಅವಳಿಗೆ. ನನಗಂತೂ ಅದಿಲ್ಲ.”

ಒಂದೂವರೆ ಕಿಲೋ ಹೇಳಿದವನು ನಾನು, ಚಿಕ್ಕಮ್ಮ, ಎಂದೆ. ಅವರು ನನ್ನ ಮೊಣಕೈ ತಟ್ಟಿದರು. ನಾನು ಲಕೋಟೆಯನ್ನು ಒಳಜೇಬಿಗೆ ಹಾಕಿಕೊಂಡೆ.

ಎಚ್ಚರವಾದ ಮೇಲೆ ಚಿಕ್ಕಪ್ಪ ಮೊದಲು ಕೇಳಿದ್ದು ಕಾಲಿನ ವಿಷಯವಲ್ಲ.

“ಕಾಗದ ಹಾಕ್ದ್ಯಾ?”

“ಹಾಕ್ದೆ ಚಿಕ್ಕಪ್ಪ.”

ಮನೆಗೆ ಬಂದ ಮೇಲೆ ಅವರ ಕುರ್ಚಿಯನ್ನು ಕಿಟಕಿಯ ಪಕ್ಕ ಇಟ್ಟೆವು, ಅಂಚೆಯವನು ಬರುವ ದಾರಿ ಕಾಣುವ ಹಾಗೆ ಅವರೇ ತಿರುಗಿಸಿಕೊಂಡರು. ಫೆಬ್ರವರಿ ಕಳೆಯಿತು. ಬೀದಿ ಹೆಸರು ಬದಲಾಯಿಸಿರಬೇಕು ಎಂದರು. ಮಾರ್ಚೂ ಕಳೆಯಿತು. ಏಪ್ರಿಲಿನ ಒಂದು ಸಂಜೆ ನಾನು ಸೂಪಿನ ಬಟ್ಟಲು ಇಡುವಾಗ, “ಉತ್ತರ ಬರದೇ ಇದ್ದದ್ದೇ ಒಳ್ಳೇದಾಯ್ತು ದಪ್ಪ,” ಎಂದರು. “ಬೈಬೇಕು ಅನ್ಸಿದ್ರೆ ಬರೀತಿದ್ಲು. ಅವಳು ಬಾಯಿ ಇಟ್ಕೊಂಡು ಸುಮ್ನಿರೋಳಲ್ಲ.” ಚೀಸಿನ ಹಪ್ಪಳವನ್ನು ಚಮಚದಲ್ಲಿ ಮುರಿದರು. ಚಿಕ್ಕಮ್ಮ ಸ್ಟೌವಿನ ಕಡೆ ಮುಖ ಮಾಡಿಕೊಂಡೇ ಇದ್ದರು.

ಮೇ ತಿಂಗಳಲ್ಲಿ ಅವರ ಹೃದಯ ನಿಂತಿತು. ಕೊನೆಯ ಜಡೆಯಲ್ಲಿ ಇನ್ನೂ ಇಪ್ಪತ್ತಮೂರು ಈರುಳ್ಳಿ ಇದ್ದವು. ಬೇಸಿಗೆಯಲ್ಲಿ ಅವು ಹಸಿರು ಮೊಳಕೆ ಒಡೆದು ಗೋಡೆಯ ಮೇಲೆ ವಾಲಿಕೊಂಡವು. ಚಿಕ್ಕಮ್ಮ ಆ ಜಡೆಯನ್ನು ಅಡುಗೆಗೆ ಬಳಸಲಿಲ್ಲ, ಎಸೆಯಲೂ ಬಿಡಲಿಲ್ಲ. ನಾನು ಹೋದಾಗಲೆಲ್ಲ ಅದರ ಕೆಳಗೇ ಕೂರಿಸಿ ಕಾಫಿ ಕೊಡುತ್ತಿದ್ದರು.

ಹೋದ ಚಳಿಗಾಲದಲ್ಲಿ ಎನೋರಾ ಹೋಟೆಲಿಗೆ ಊಟಕ್ಕೆ ಬಂದವಳು, ನನ್ನ ಹೊಟ್ಟೆಯನ್ನು ಅರೆಗಳಿಗೆ ನೋಡಿ, ಚೀಲದಿಂದ ಸೂಜಿ ತೆಗೆದು, ಕೈ ಕೊಡಿ ಎಂದಳು. ಕೊಟ್ಟೆ. ಅವಳ ಹುಬ್ಬು ಗಂಟಿಕ್ಕಿತು. ಹಾಗಾಗಿ ಈಗ ರಾತ್ರಿ ನನ್ನದೂ ಅದೇ ಸೂಪು. ಅಳತೆ ನನಗೆ ಬಾಯಿಪಾಠ, ಆದರೂ ಆ ಲಕೋಟೆಯಿಂದ ಕಾಗದ ತೆಗೆದು ಮಸಾಲೆ ಡಬ್ಬಿಗೆ ಒರಗಿಸಿ ಇಟ್ಟುಕೊಂಡೇ ಮಾಡುತ್ತೇನೆ. ಒಂದು ಈರುಳ್ಳಿ, ಹೆಚ್ಚು ಬೇಡ. ಹೂಕೋಸಿನ ದಂಟು. ಚೀಸು ಬೇರೆಯಾಗಿ. ಅದರ ಕೆಳಗಿನ ಸಾಲಿಗೆ ಬೆಣ್ಣೆಯ ಕಲೆ ಬಿದ್ದಿದೆ, ಆದರೂ ಓದಲು ಬರುತ್ತದೆ.