ಇಸ್ತ್ರಿಗೆ ಸಿಕ್ಕಿದ ಗುಂಗುರು

ಕನಕಪುರದಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ಬೆಳಿಗ್ಗೆಯೇ ಸೋದರತ್ತೆ ನನ್ನ ತಲೆಯನ್ನು ಮೇಜಿಗೆ ಒರಗಿಸಿ, ಗುಂಗುರು ಕೂದಲನ್ನು ಹರಡಿ, ಮೇಲೊಂದು ಪಂಚೆ ಹೊದಿಸಿ ಇಸ್ತ್ರಿ ಪೆಟ್ಟಿಗೆ ಎಳೆದರು.

"ಒಸಿ ಅಲ್ಲಾಡ್ದೆ ಇರವ್ವ. ಈ ಕುರಿ ತುಪ್ಪಟ ನೋಡುದ್ರೆ ಬಂದೋರು ಕಾಫಿನೂ ಕುಡಿಯಾಕಿಲ್ಲ."

ರೇಷ್ಮೆ ಸುಟ್ಟ ವಾಸನೆ ಬಂತು. ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಅಪ್ಪ ಅಸಲಿ ರೇಷ್ಮೆಯೇ ಎಂದು ತಿಳಿಯಲು ಎಳೆ ಸುಟ್ಟು ಮೂಸುತ್ತಿದ್ದರು, ಅದೇ ವಾಸನೆ. ಸುಡುತ್ತಿರುವುದು ನನ್ನ ಕೂದಲೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅತ್ತೆ ಪಂಚೆ ತೆಗೆದಾಗ ಕಿವಿಯ ಹಿಂದಿನ ಒಂದು ಹಿಡಿ ಕೂದಲು ಅದರೊಂದಿಗೇ ಬಂತು.

ಬಚ್ಚಲಿಗೆ ಹೋಗಿ ತಲೆಗೆ ನೀರು ಹುಯ್ದುಕೊಂಡೆ. ಗುಂಗುರು ಕೂದಲಿಗೆಂದು ಮೊಬೈಲ್ ನೋಡಿ ಕಲಿತಂತೆ ಕುದಿಸಿಟ್ಟಿದ್ದ ಅಗಸೆಬೀಜದ ಲೋಳೆ ಹಚ್ಚಿ, ಬಾಚಣಿಗೆ ಮುಟ್ಟದೆ, ಬೆರಳಿನಿಂದಲೇ ಒಂದೊಂದು ಸುರುಳಿಯ ಸಿಕ್ಕು ಬಿಡಿಸಿದೆ.

"ನಿನ್ ದಮ್ಮಯ್ಯ, ಜಡೆನಾದ್ರೂ ಹಾಕ್ಕೊಳೆ," ಎಂದರು ಅತ್ತೆ, ಬಾಗಿಲಲ್ಲಿ ನಿಂತು.

"ಇಲ್ಲ ಕಣತ್ತೆ. ನೋಡಾಕೆ ತಾನೆ ಬತ್ತಿರಾದು? ನೋಡ್ಲಿ."

ಒದ್ದೆ ಗುಂಗುರನ್ನು ಬೆನ್ನ ಮೇಲೆ ಬಿಟ್ಟುಕೊಂಡೇ ಕಾಫಿ ತಟ್ಟೆ ಹಿಡಿದು, ಗಂಡಿನ ಕಡೆಯವರು ಬಂದು ಕೂತಿದ್ದ ನಡುಮನೆಗೆ ಬಂದೆ. ಕಿವಿಯ ಹಿಂದೆ ಸುಟ್ಟು ಮೊಂಡಾದ ಜಾಗವನ್ನೂ ಮುಚ್ಚಿಕೊಳ್ಳಲಿಲ್ಲ.