ಉಳಿದ ಅರ್ಧ ಮಾತ್ರೆ

2024ರ ಜುಲೈ ಮೂರನೇ ವಾರ ನನ್ನ ಮಗಳ ಥೈರಾಯ್ಡ್ ವರದಿ ನಾರ್ಮಲ್ ಎಂದು ಬಂತು. ಏಪ್ರಿಲ್‌ನಲ್ಲಿ ಏಳು ದಾಟಿದ್ದ ಟಿಎಸ್‌ಎಚ್ ಎರಡಕ್ಕೆ ಇಳಿದಿತ್ತು. ಯಲಹಂಕದ ಡಾಕ್ಟರು ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, "ಮಾತ್ರೆ ಇಲ್ಲದೇನೇ ಇಳಿದಿದೆ, ಒಳ್ಳೇದಾಯ್ತು" ಎಂದರು. ಕೆಲವರಲ್ಲಿ ಹಾಗಾಗುವುದುಂಟಂತೆ. ಜಕ್ಕೂರಿಗೆ ಮರಳುವಾಗ ಕೆರೆಯ ಬಳಿ ಸ್ಕೂಟರ್ ನಿಲ್ಲಿಸಿ ನಾನೂ ಮಗಳೂ ಸುಟ್ಟ ಜೋಳ ತಿಂದೆವು.

ಆ ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಅವಳು ಹಗಲೂ ಮಲಗತೊಡಗಿದ್ದಳು. ಓದಿದ ಆಯಾಸ ಎಂದುಕೊಂಡೆವು. ಬೇಸಿಗೆಯಲ್ಲೂ ಕಂಬಳಿ ಹೊದೆಯುತ್ತಿದ್ದಳು. ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು ಬರುತ್ತಿತ್ತು. ಡಾಕ್ಟರು ಅವಳಿಗೆ ನೀರು ನುಂಗಲು ಹೇಳಿ, ಕತ್ತು ಮುಟ್ಟಿ ನೋಡಿ, ಟಿಎಸ್‌ಎಚ್ ಜೊತೆಗೆ ಆ್ಯಂಟಿಬಾಡಿ ಪರೀಕ್ಷೆಯನ್ನೂ ಬರೆದರು. ಮೂವತ್ತೈದರ ಒಳಗಿರಬೇಕಾದ ಆ್ಯಂಟಿಬಾಡಿ ಆರುನೂರರ ಮೇಲಿತ್ತು.

"ಹೊರಗಿನಿಂದ ಬಂದ ರೋಗ ಅಲ್ಲ. ಅವಳ ರಕ್ತವೇ ಅವಳ ಗ್ರಂಥಿಯನ್ನ ಪರಕೀಯ ಅಂದ್ಕೊಂಡು ಹಾಳು ಮಾಡ್ತಿದೆ" ಎಂದರು ಡಾಕ್ಟರು. ಅದನ್ನು ತಡೆಯುವ ಔಷಧಿ ಇಲ್ಲ. ಗ್ರಂಥಿ ಸೋತ ಮೇಲೆ ಅದರ ಕೆಲಸವನ್ನು ಮಾತ್ರೆ ಮಾಡುತ್ತದೆ, ಅದು ಸಾಮಾನ್ಯವಾಗಿ ಬದುಕಿರುವಷ್ಟು ಕಾಲ. ಟಿಎಸ್‌ಎಚ್ ಗ್ರಂಥಿ ಸೋತಂತೆ ಏರುತ್ತದೆ, ಅದು ಹತ್ತು ದಾಟಿದರೆ ಮಾತ್ರೆ ಶುರು ಮಾಡೋಣ, ಸದ್ಯಕ್ಕೆ ಬೇಡ, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು.

ಮನೆಗೆ ಬಂದು ಹಾಗೇ ಹೇಳಿದೆ. ಅತ್ತೆ ಸೊಪ್ಪು ಬಿಡಿಸುತ್ತ ಕೂತಿದ್ದರು.

"ಅಂಗಾದ್ರೆ ಇದು ನಮ್ಮ ದಾಯಾದಿಗಳ ಕತೆ ಆಯ್ತಲ್ಲ" ಎಂದರು. "ಒಳಗಿದ್ದೋರೇ ಕೇಸ್ ಆಕಿರೋದು."

ನನ್ನ ಗಂಡ ನಕ್ಕರು. ಜಕ್ಕೂರಿನ ಹಳೇ ಜಮೀನಿನ ವ್ಯಾಜ್ಯ ಆಗಲೂ ನಡೆಯುತ್ತಿತ್ತು, ಈಗಲೂ ನಡೆಯುತ್ತಿದೆ.

"ಮಾತ್ರೆ ಏನ್ ಬರ್ದವ್ರೆ?"

"ಏನೂ ಬರೆದಿಲ್ಲ ಅತ್ತೆ. ಕಾಯಬೇಕಂತೆ."

"ಕಾಯ್ಲೆ ಐತೆ ಅಂತಾರೆ, ಮಾತ್ರೆ ಬ್ಯಾಡ ಅಂತಾರೆ. ಇದ್ಯಾವ ಸೀಮೆ ಡಾಕ್ಟ್ರಮ್ಮ?"

ಅತ್ತೆಯ ಕತ್ತಿನಲ್ಲಿ ಅಡ್ಡಕ್ಕೆ ಒಂದು ಗಾಯದ ಗೆರೆ ಇದೆ. ಗಂಟು ದಪ್ಪವಾಗಿ, ತಡವಾಗಿ ತೋರಿಸಿ, ಕುಯ್ಯಿಸಿಕೊಂಡದ್ದು. ಮೊದಲು ಹೊಲದ ಆ ಬದುವಿನಿಂದ ಈ ಬದುವಿಗೆ ಕೇಳುತ್ತಿದ್ದ ಅವರ ದನಿ ಈಗ ಮಹಡಿಯ ಮೆಟ್ಟಿಲಿಗೂ ಮುಟ್ಟುವುದಿಲ್ಲ.

ಮೇಲಿನ ಮಹಡಿಯಲ್ಲಿರುವ ನಾದಿನಿಗೂ ಥೈರಾಯ್ಡ್ ಇದೆ. ಅತ್ತೆಗೂ ಅವರಿಗೂ ಸೇರಿ ಮನೆಯಲ್ಲಿ ಒಂದೇ ಮಾತ್ರೆ ಬಾಟಲಿ. ಅದು ಅಡುಗೆಮನೆಯಲ್ಲಿ ಕಾಫಿ ಫಿಲ್ಟರ್ ಪಕ್ಕದಲ್ಲಿರುತ್ತದೆ. ಅತ್ತೆಗೆ ಇಡೀ ಮಾತ್ರೆ, ನಾದಿನಿಗೆ ಅರ್ಧ. ಅತ್ತೆ ಬೆಳಿಗ್ಗೆ ಎದ್ದ ಕೂಡಲೇ ತಮ್ಮದನ್ನು ನುಂಗಿ, ಇನ್ನೊಂದನ್ನು ಮುರಿದು, ಒಂದು ಚೂರನ್ನು ನಾದಿನಿಗೆ ಕೊಟ್ಟು, ಉಳಿದ ಚೂರನ್ನು ಹಳೇ ಕುಂಕುಮದ ಡಬ್ಬಿಯಲ್ಲಿ ಮರುದಿನಕ್ಕೆ ಇಡುತ್ತಾರೆ. ವರ್ಷಗಳಿಂದ ನಡೆದುಬಂದ ಪದ್ಧತಿ. ಪತ್ರಿಕೆಯ ರಾತ್ರಿ ಪಾಳಿ ಮುಗಿಸಿ ಬರುವ ನಾನು ಏಳುವ ಹೊತ್ತಿಗೆ ಇದೆಲ್ಲ ಮುಗಿದು, ಮಗಳೂ ಕಾಲೇಜಿಗೆ ಹೊರಟಿರುತ್ತಾಳೆ.

ಆಗಸ್ಟ್‌ನಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ನಾನು ರಜೆ ಹಾಕಿದ್ದೆ. ಬೆಳಿಗ್ಗೆ ಬೇಗ ಎದ್ದು ಅಡುಗೆಮನೆಯಲ್ಲಿ ಹೂರಣ ರುಬ್ಬುತ್ತಿದ್ದೆ. ನಾದಿನಿ ಬಂದು ಕುಂಕುಮದ ಡಬ್ಬಿ ತೆಗೆದರು.

"ಏನಮ್ಮ, ಅರ್ಧ ಇಲ್ವಲ್ಲ? ನಿನ್ನೆ ಮುರಿದಿದ್ದು ಎಲ್ಲೋಯ್ತು?"

ಅತ್ತೆ ಒಲೆಯ ಕಡೆ ತಿರುಗಿದರು. ಹೂ ಕಟ್ಟುತ್ತ ಕೂತಿದ್ದ ಮಗಳು ತಲೆ ಎತ್ತದೆ ನಾದಿನಿಗೆ ಹೇಳಿದಳು: "ಅದು ನಂದಲ್ವಾ ಅತ್ತೆ? ದಿನಾ ಅಜ್ಜಿ ಕೊಡ್ತಾರೆ."

ನಾನು ಮಿಕ್ಸಿ ನಿಲ್ಲಿಸಿದೆ.

"ಯಾವಾಗಿಂದ?"

"ಬೇಸಿಗೆ ರಜದಿಂದ. ನಿಂಗೊತ್ತು ಅನ್ಕೊಂಡಿದ್ದೆ ಕಣಮ್ಮ."

"ತಡ ಮಾಡಿದ್ರೆ ನನ್ ತರ ಕುಯ್ತಾರೆ ಕಣಮ್ಮ" ಎಂದರು ಅತ್ತೆ. ಹಬ್ಬ ನಡೆಯಿತು. ಸಂಜೆ ಬಂದ ಮುತ್ತೈದೆಯರಿಗೆ ಅವರೇ ಅರಿಸಿನ ಕುಂಕುಮ ಕೊಟ್ಟರು.

ಮರುದಿನ ಡಾಕ್ಟರಿಗೆ ತಿಳಿಸಿದೆ. ಜುಲೈ ವರದಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವಂತಿಲ್ಲ ಎಂದರು. ಎರಡು ಎಂದು ಬಂದದ್ದು ಗ್ರಂಥಿಯ ಕೆಲಸವೋ ಮಾತ್ರೆಯ ಕೆಲಸವೋ ಹೇಳಲಾಗದು. ಗೊತ್ತಾಗಬೇಕಾದರೆ ಮಾತ್ರೆ ಪೂರ್ತಿ ಬಿಡಿಸಿ, ಎರಡು ತಿಂಗಳು ಕಾದು, ಮತ್ತೆ ರಕ್ತ ಕೊಡಬೇಕು. ಆ್ಯಂಟಿಬಾಡಿ ಮತ್ತೆ ನೋಡುವುದು ಬೇಡ, ಅದು ಎಷ್ಟಿದ್ದರೂ ಮಾಡುವುದು ಇಷ್ಟೇ ಎಂದರು.

ಮಾತ್ರೆ ಬಿಟ್ಟ ಕೆಲವು ವಾರಗಳಲ್ಲಿ ಅವಳು ಮತ್ತೆ ಕಂಬಳಿ ಎಳೆದುಕೊಂಡಳು. ಕಾಲೇಜಿನಿಂದ ಬಂದು ಬ್ಯಾಗ್ ಹೆಗಲಲ್ಲಿರುವಂತೆಯೇ ಸೋಫಾದ ಮೇಲೆ ನಿದ್ದೆ ಹೋಗುತ್ತಿದ್ದಳು. ಇದು ಕಾಯಿಲೆಯ ಸುಸ್ತೋ, ಮಾತ್ರೆ ನಿಂತದ್ದರ ಸುಸ್ತೋ ಎಂದು ಡಾಕ್ಟರನ್ನು ಫೋನಿನಲ್ಲಿ ಕೇಳಿದೆ. ಈಗಲೇ ಹೇಳಕ್ಕಾಗಲ್ಲ ಎಂದರು. ಅತ್ತೆ ದೂರದ ಕುರ್ಚಿಯಲ್ಲಿ ಕೂತು ಅವಳ ಕತ್ತನ್ನೇ ನೋಡುತ್ತಿರುತ್ತಿದ್ದರು. ಒಮ್ಮೆ ಎದ್ದು ಬಂದು ಬಾಟಲಿ ಹಾಗೂ ಡಬ್ಬಿ ಎರಡನ್ನೂ ನನ್ನ ಕೈಗಿಟ್ಟರು.

"ನೀನೇ ಇಟ್ಕೊ. ನನ್ ಕೈ ಸುಮ್ನಿರಲ್ಲ."

ಅಂದಿನಿಂದ ರಾತ್ರಿ ಪಾಳಿಗೆ ಹೊರಡುವ ಮುನ್ನ ಅತ್ತೆಯ ಮತ್ತು ನಾದಿನಿಯ ಮರುದಿನದ ಮಾತ್ರೆ ತೆಗೆದಿಟ್ಟು, ಬಾಟಲಿಯನ್ನು ನನ್ನ ಬೀರುವಿನಲ್ಲಿಟ್ಟು ಹೋಗುತ್ತೇನೆ.

"ನಂಗೆ ಬೇಕಾ ಬೇಡ್ವಾ, ಅದೊಂದು ಹೇಳ್ಬಿಡಿ ಸಾಕು" ಎಂದು ಮಗಳು ಒಂದು ಸಂಜೆ ಕೇಳಿದಳು. ಯಾರನ್ನು ಕೇಳಿದಳೋ ತಿಳಿಯಲಿಲ್ಲ. ಅತ್ತೆ, ನನ್ನ ಗಂಡ, ನಾನು ಮೂವರೂ ಅಲ್ಲೇ ಇದ್ದೆವು.

ದಸರಾ ಮುಗಿದ ಮೇಲೆ ಲ್ಯಾಬ್‌ನವರು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು. ಅವಳು ಬಲಗೈ ಚಾಚಿದಳು. ಎಡಗೈಯನ್ನು ಅತ್ತೆ ಹಿಡಿದುಕೊಂಡಿದ್ದರು. ಸಂಜೆ ವರದಿ ಮೊಬೈಲ್‌ಗೆ ಬಂತು. ಟಿಎಸ್‌ಎಚ್ ಒಂಬತ್ತು.

ಡಾಕ್ಟರು ಅದನ್ನು ಎರಡು ಸಲ ಓದಿದರು. ಏರಿದೆ, ಆದರೆ ಹತ್ತು ದಾಟಿಲ್ಲ, ಮಾತ್ರೆ ನಿಂತ ಏರುಪೇರು ಇನ್ನೂ ಇರಬಹುದು, ಇನ್ನೊಂದು ಸಲ ನೋಡಿ ತೀರ್ಮಾನ ಮಾಡೋಣ ಎಂದರು. ಮಾತ್ರೆ ಬರೆಯಲಿಲ್ಲ.

ಮುಂದಿನ ಪರೀಕ್ಷೆ ಜನವರಿಯಲ್ಲಿ, ಸಂಕ್ರಾಂತಿಯ ನಂತರ.