ತಿಳಿಯಾಗಿ ಕಂಡ ನೀರು

ನಾನು ಭೇರ್ಯದ ಕಡೆಯವಳು. ನಾಲೆಯ ನೀರನ್ನೇ ಬಳಸುತ್ತಿದ್ದ ನಮ್ಮ ಮನೆಯಲ್ಲಿ, ನೀರಿನೊಳಗೆ ಏನಿದೆ ಎಂದು ಕೇಳುವ ಅಭ್ಯಾಸ ಯಾರಿಗೂ ಇರಲಿಲ್ಲ. ರಸಾಯನಶಾಸ್ತ್ರ ಓದಿದ ಮೇಲೆ ಅದನ್ನು ಕೇಳುವುದೇ ನನ್ನ ಉದ್ಯೋಗವಾಯಿತು. ಹುಣಸೂರಿನಲ್ಲಿ ಒಂದು ಪುಟ್ಟ ಸಂಸ್ಥೆ ಹಳ್ಳಿಗಳ ಕುಡಿಯುವ ನೀರು ಪರೀಕ್ಷಿಸುವ ಲ್ಯಾಬು ನಡೆಸುತ್ತಿತ್ತು. ಅಲ್ಲಿ ಮೂರು ವರ್ಷ ಇದ್ದೆ. ಇದು ಆ ಮೂರನೆಯ ವರ್ಷದ ಸಂಗತಿ.

ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನಲ್ಲಿ ಇಪ್ಪತ್ತು ಇಪ್ಪತ್ತೈದು ಮನೆಗಳ ಒಂದು ಹಾಡಿ. ಇದ್ದದ್ದು ಒಂದೇ ಕೊಳವೆಬಾವಿ. ಕೈಪಂಪಿನಿಂದ ಬೀಳುವಾಗ ನೀರು ತಿಳಿಯಾಗಿರುತ್ತಿತ್ತು. ಕೊಡದಲ್ಲಿ ಒಂದಿಷ್ಟು ಹೊತ್ತು ಇಟ್ಟರೆ ಕೆಂಪಾಗಿ ತಳದಲ್ಲಿ ತುಕ್ಕಿನ ಗಸಿ ಕೂರುತ್ತಿತ್ತು. ಅನ್ನ ಹಳದಿ, ಟೀ ಮಸಿಯ ಹಾಗೆ ಕಪ್ಪು. ಜನ ಆ ನೀರನ್ನು ಪಾತ್ರೆ ತೊಳೆಯಲು ಇಟ್ಟುಕೊಂಡು, ಕುಡಿಯಲು ಕಾಡಿನೊಳಗಿನ ಹಳ್ಳಕ್ಕೆ ಹೋಗುತ್ತಿದ್ದರು. ಆ ಹಳ್ಳಕ್ಕೆ ಆನೆಗಳೂ ಬರುತ್ತಿದ್ದವು.

ಬೇಸಿಗೆಯ ಮೊದಲಲ್ಲಿ ನಾವು ಅಲ್ಲಿ ಒಂದು ಶೋಧಕ ಕಟ್ಟಿದೆವು. ಸಿಮೆಂಟಿನ ಎರಡು ತೊಟ್ಟಿ. ಮೇಲಿನದರಿಂದ ನೀರು ಸಣ್ಣ ತೂತುಗಳಲ್ಲಿ ಸುರಿದು ಗಾಳಿ ಕುಡಿಯಬೇಕು. ಗಾಳಿ ತಗುಲಿದ ಕಬ್ಬಿಣ ತುಕ್ಕಾಗುತ್ತದೆ, ತುಕ್ಕು ಕೆಳಗಿನ ತೊಟ್ಟಿಯ ಮರಳು, ಇದ್ದಿಲುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ನೋಡಿಕೊಳ್ಳಲು ಒಬ್ಬ ಹೆಂಗಸು ತಾನಾಗಿ ಮುಂದೆ ಬಂದಳು. ನಲವತ್ತರ ಆಸುಪಾಸಿನ ವಯಸ್ಸು, ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋಗುವವರು. ನಾನು ಅಕ್ಕ ಎನ್ನುತ್ತಿದ್ದೆ. ವಾರಕ್ಕೊಮ್ಮೆ ಮರಳನ್ನು ತೆಗೆದು, ಕೆಂಪು ಹೋಗುವವರೆಗೆ ತೊಳೆದು, ಮತ್ತೆ ತುಂಬುತ್ತಿದ್ದಳು.

"ನನ್ ಮಕ್ಳಿಗಿಂತ ಈ ಮರಳೇ ಜಾಸ್ತಿ ಮೀಯ್ತದೆ ಕಣ್ ಮೇಡಮ್ಮ" ಎಂದು ನಗುತ್ತಿದ್ದಳು.

ನೀರು ತಿಳಿಯಾಯಿತು. ನಾನು ಎಲ್ಲರ ಎದುರಿಗೆ ಒಂದು ಲೋಟ ಕುಡಿದು ತೋರಿಸಿದೆ. "ಇನ್ನು ಹಳ್ಳಕ್ಕೆ ಹೋಗಬೇಡಿ, ಇದನ್ನೇ ಕುಡಿಯಿರಿ" ಎಂದೆ. ಕುಡಿದರು.

ಮಳೆಗಾಲ ಮುಗಿದ ಮೇಲೆ ಮಾದರಿ ತರಲು ಹೋದಾಗ ಅಕ್ಕ ನನ್ನನ್ನು ಮನೆಯೊಳಗೆ ಕರೆದಳು. ಸೂರಿನ ಒಂದು ತೂತಿನಿಂದ ಬಿಸಿಲುಕೋಲು ಓರೆಯಾಗಿ ಇಳಿದಿತ್ತು. ಆಕೆ ಅದಕ್ಕೆ ಅಡ್ಡವಾಗಿ ಒಂದು ಗಾಜಿನ ಬಾಟಲಿ ಹಿಡಿದಳು.

"ನೋಡಿ, ನೀರೊಳ್ಗೂ ಕೋಲು ಕಾಣ್ತದೆ. ಒಲೆ ಒಗೆಯೊಳ್ಗೆ ಕಾಣೋ ಅಂಗೆ. ಮಳೆ ನೀರು ಇಟ್ರೆ ಇಂಗೆ ಕಾಣಕ್ಕಿಲ್ಲ. ಮೊದ್ಲು ಈ ನೀರಲ್ಲೂ ಕಾಣ್ತಿರ್ಲಿಲ್ಲ. ಏನೋ ಅದೆ ಇದ್ರಲ್ಲಿ."

ನಾನು ಬಾಟಲಿ ಎತ್ತಿ ನೋಡಿದೆ. ಕಲ್ಲುಸಕ್ಕರೆಯಷ್ಟು ತಿಳಿ. ಕಿಟ್‌ನಲ್ಲಿ ಅಲ್ಲೇ ಪರೀಕ್ಷೆ ಮಾಡಿದೆ. ಕಬ್ಬಿಣವಿದ್ದರೆ ಬಣ್ಣ ತಿರುಗಬೇಕು, ತಿರುಗಲಿಲ್ಲ. "ಏನೂ ಇಲ್ಲ ಅಕ್ಕ, ಬಾಟಲಿ ಗಾಜಿನ ದೋಷ ಇರಬೇಕು" ಎಂದೆ. ಆಕೆ ವಾದ ಮಾಡಲಿಲ್ಲ. "ನೀವು ಓದ್ದೋರು, ಬುಡಿ" ಎಂದಳು.

ಆ ಮಾತು ನನ್ನನ್ನು ಕಾಡಿತು ಎಂದು ಬರೆದರೆ ಸುಳ್ಳಾದೀತು. ನಾನು ಮರೆತೇಬಿಟ್ಟೆ. ನಾಲ್ಕು ತಿಂಗಳಾದ ಮೇಲೆ, ಬೇರೆ ಬೇರೆ ಊರುಗಳ ಮಾದರಿಯ ಬಾಟಲಿಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿಟ್ಟಾಗ, ಹಾಡಿಯ ಬಾಟಲಿಯೊಂದರಲ್ಲಿ ಮಾತ್ರ ಬಿಸಿಲಿನ ದಾರಿ ಮಂಜಿನ ಹಾಗೆ ಕಂಡಿತು. ಅದು ನಮ್ಮದೇ ಲ್ಯಾಬಿನ ಬಾಟಲಿ. ಗಾಜಿನ ದೋಷವೆನ್ನಲು ಈ ಸಲ ಆಗಲಿಲ್ಲ.

ಆ ನೀರನ್ನು ಆಸಿಡ್ ಹಾಕಿ ಕುದಿಸಿ ಮತ್ತೆ ಪರೀಕ್ಷಿಸಿದೆ. ಬಣ್ಣ ಗಾಢವಾಗಿ ಏರಿತು. ಕಬ್ಬಿಣ ಎಲ್ಲಿಗೂ ಹೋಗಿರಲಿಲ್ಲ. ಕಿಟ್ ಗುರುತಿಸುವುದು ಕರಗಿದ ಕಬ್ಬಿಣವನ್ನು ಮಾತ್ರ, ಇಲ್ಲಿದ್ದದ್ದು ಕಣಗಳು. ಕೂದಲಿನ ಅಗಲದಲ್ಲಿ ಸಾವಿರಾರನ್ನು ಸಾಲಾಗಿ ಕೂರಿಸಬಹುದಾದ ತುಕ್ಕಿನ ಕಣಗಳು. ಮೈಸೂರಿನಲ್ಲಿ ದೊಡ್ಡ ಯಂತ್ರವಿದ್ದ ಕಡೆ ಮಾದರಿ ಕಳಿಸಿದಾಗ ಉಳಿದ ಕಥೆಯೂ ತಿಳಿಯಿತು. ನೀರಿನಲ್ಲಿ ಅಲ್ಯುಮಿನಿಯಂ ಇತ್ತು, ಕ್ರೋಮಿಯಂ ಇತ್ತು. ಕ್ರೋಮಿಯಂ ಮಿತಿ ಮೀರಿತ್ತು. ಹಾಡಿಯ ಹಿಂದಿನ ದಿಣ್ಣೆಯಲ್ಲಿ ಯಾರೋ ಎಂದೋ ಅಗೆದು ಬಿಟ್ಟ ಗಣಿಯ ಗುಂಡಿಯಿದೆ. ಆ ವರ್ಷದ ಮಳೆಗೆ ಅದು ತುಂಬಿ ನಿಂತು, ಒಳಗೊಳಗೇ ಬಾವಿಯ ಕಡೆಗೆ ಇಳಿದಿರಬೇಕೆಂದು ನಮ್ಮ ಊಹೆ.

ಬರಿಯ ಕಬ್ಬಿಣವಾದರೆ ತುಕ್ಕಿನ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ, ಮರಳಿಗೆ ಮೆತ್ತಿಕೊಳ್ಳುತ್ತವೆ. ಕರಗಿದ ಬೇರೆ ಲೋಹ ಜೊತೆಗಿದ್ದರೆ ಕಣ ಹುಟ್ಟುವಾಗಲೇ ಅದು ಒಳಗೆ ಸೇರಿಕೊಳ್ಳುತ್ತದೆ, ಕಣದ ಮೈಗೂ ಅಂಟುತ್ತದೆ. ಆಗ ಕಣ ಬೆಳೆಯುವುದಿಲ್ಲ. ಪುಡಿಯಾಗಿಯೇ ನೀರಿನಲ್ಲಿ ತೇಲುತ್ತ, ಮರಳಿನ ಸಂದಿಯಲ್ಲಿ ನುಸುಳಿ, ಆ ಲೋಹವನ್ನೂ ಹೊತ್ತುಕೊಂಡು ಆಚೆ ಬರುತ್ತದೆ. ನಮ್ಮ ಶೋಧಕ ಕಣ್ಣಿಗೆ ಕಾಣುವ ಕೆಂಪನ್ನು ಹಿಡಿದು, ಕಾಣದ್ದನ್ನು ಲೋಟಕ್ಕೆ ಬಿಡುತ್ತಿತ್ತು.

ಲ್ಯಾಬಿನ ಹಿರಿಯರಿಗೆ ವರದಿ ತೋರಿಸಿದೆ.

"ಬೇರೆ ನೀರಿನ ಏರ್ಪಾಡು ಮಾಡಿ ಆಮೇಲೆ ಹೇಳೋಣ" ಎಂದರು. "ಒಂದು ಹದಿನೈದು ದಿನ ತಡಿ. ಅಷ್ಟರಲ್ಲಿ ಏನೂ ಆಗಲ್ಲ."

"ಇನ್ನೂ ಅದನ್ನೇ ಕುಡೀತಿದ್ದಾರೆ ಸರ್. ಶೋಧಕ ನೋಡಿಕೊಳ್ಳುವಾಕೆ ನಾಲ್ಕು ತಿಂಗಳ ಹಿಂದೆಯೇ ನನಗೆ ಹೇಳಿದ್ದಳು."

"ಅದಕ್ಕೇ ಹೇಳ್ತಿರೋದು. ನಿನ್ನ ಮನಸ್ಸಿನ ಭಾರ ಇಳಿಸೋಕೆ ಅವರಿಗೆ ಹೇಳಬೇಡ."

ನಾನು ಕೇಳಲಿಲ್ಲ. ಮರುದಿನವೇ ಬಸ್ಸು ಹತ್ತಿದೆ. ಪಂಪಿನ ಹತ್ತಿರ ಎಲ್ಲರನ್ನೂ ಸೇರಿಸಿ, ಈ ನೀರು ಕುಡಿಯಬೇಡಿ, ನಾನೇ ತಪ್ಪು ಹೇಳಿದ್ದೆ ಎಂದೆ. ಜನ ಬೈಯಲಿಲ್ಲ. ಬೈದಿದ್ದರೆ ನಿಲ್ಲುವುದು ಸುಲಭವಾಗುತ್ತಿತ್ತು. ಅಕ್ಕ ಮಾತ್ರ ಗಂಡನ ಕಡೆ ತಿರುಗಿ, "ನಾ ಹೇಳ್ನಿಲ್ವಾ?" ಎಂದಳು. ಅದರಲ್ಲಿ ಗೆದ್ದ ಖುಷಿ ಇರಲಿಲ್ಲ. ಆಮೇಲೆ ನನ್ನನ್ನು ಕೇಳಿದಳು, "ಅಂಗಾರೆ ಯಾವ್ ನೀರು ಕುಡಿಯಾದು ಮೇಡಮ್ಮ?"

ಪಂಚಾಯಿತಿಯ ಟ್ಯಾಂಕರ್ ಬರುತ್ತದೆ ಎಂದೆ. ಬಂತು. ಮೊದಲ ವಾರ ಎರಡು ಸಲ, ಆಮೇಲಿನ ವಾರ ಒಂದು ಸಲ. ಮೂರನೆಯ ವಾರ ಅದನ್ನೆಳೆಯುವ ಟ್ರ್ಯಾಕ್ಟರ್ ಕೆಟ್ಟು ನಿಂತಿತು. ನಾನು ಹುಣಸೂರಿನಿಂದ ಪಂಚಾಯಿತಿಗೆ ಫೋನಿನ ಮೇಲೆ ಫೋನು ಮಾಡುತ್ತಿದ್ದೆ. ಹಾಡಿಯ ಹೆಂಗಸರು ಹಳೆಯ ಪದ್ಧತಿಯಂತೆ ಹಳ್ಳಕ್ಕೆ ಹೊರಟರು. ಬೇಸಿಗೆ ಏರುತ್ತಿತ್ತು, ಕಾಡಿನ ಬೇರೆ ಕಟ್ಟೆಗಳು ಒಣಗಿ ಆನೆಗಳಿಗೂ ಅದೇ ಹಳ್ಳ ಉಳಿದಿತ್ತು.

ಒಂದು ಬೆಳಿಗ್ಗೆ, ಕೂಲಿಗೆ ಹೋಗುವ ಮುಂಚೆ ಎರಡು ಕೊಡ ತಂದಿಡೋಣವೆಂದು ಹೋದ ಅಕ್ಕನನ್ನು ಆನೆ ತುಳಿಯಿತು. ಜೊತೆಯಲ್ಲಿದ್ದ ಇಬ್ಬರು ಓಡಿ ಉಳಿದರು.

ನನಗೆ ತಿಳಿಯುವಷ್ಟರಲ್ಲಿ ಮಣ್ಣೂ ಆಗಿತ್ತು. ಐದನೆಯ ದಿನ ಹೋದೆ. ಗಂಡ ಜಗಲಿಯಲ್ಲಿ ಕೂತಿದ್ದ. ನಾನು ಕೆಳಗೆ ಕೂತೆ.

"ಯಾಕ್ ಅಳ್ತೀರಿ, ಸುಮ್ಕಿರಿ" ಎಂದ. ಆಮೇಲೆ ನನ್ನನ್ನು ನೋಡದೆ, "ನೀವು ಬಂದು ಹೇಳ್ದೆ ಇದ್ದಿದ್ರೆ ನಾವು ಆ ನೀರೇ ಕುಡೀತಿದ್ವಿ. ಅವ್ಳು ಇರೋಳು. ಆ ನೀರು ನಮ್ಮುನ್ನ ಏನ್ ಮಾಡ್ತಿತ್ತೋ, ಯಾವಾಗ್ ಮಾಡ್ತಿತ್ತೋ. ಇದು ಒಂದ್ ಗಳ್ಗೇಲಿ ಆಗೋಯ್ತು" ಎಂದ.

ಅದು ದೂರೋ, ಸಮಾಧಾನವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಆಗಲಿಲ್ಲ.

ನಮ್ಮ ಲ್ಯಾಬಿನ ವರದಿಯನ್ನು ನಾನೇ ಬರೆದೆ. ಲೋಹಗಳ ಪ್ರಮಾಣ, ಕಣಗಳ ಗಾತ್ರ, ಮರಳು ಹಿಡಿದದ್ದೆಷ್ಟು, ಬಿಟ್ಟದ್ದೆಷ್ಟು. 'ಮೊದಲು ಗಮನಿಸಿದವರು' ಎಂಬ ಖಾನೆ ಅಂಥ ವರದಿಗಳಲ್ಲಿ ಇರುವುದಿಲ್ಲ. ಕೊನೆಯ ಪುಟದಲ್ಲಿ ಎರಡು ಸಾಲು ಸೇರಿಸಿದೆ: ಹಾಡಿಯ ಒಬ್ಬ ಮಹಿಳೆ ನಾಲ್ಕು ತಿಂಗಳು ಮುಂಚೆಯೇ ಇದನ್ನು ಕಂಡು ತಿಳಿಸಿದ್ದರು, ಲ್ಯಾಬು ಅದನ್ನು ತಳ್ಳಿಹಾಕಿತ್ತು ಎಂದು. ಹಿರಿಯರು ಓದಿ, ಅಳಿಸದೆ ಸಹಿ ಹಾಕಿದರು. ಆ ವರ್ಷವೇ ನಾನು ಕೆಲಸ ಬಿಟ್ಟು ಪಿರಿಯಾಪಟ್ಟಣದ ಒಂದು ಕಾಲೇಜಿನಲ್ಲಿ ಪಾಠಕ್ಕೆ ಸೇರಿದೆ.

ಮುಂದಿನ ಮಳೆಗಾಲದಲ್ಲಿ ಹಾಡಿಗೆ ಹೊಳೆ ನೀರಿನ ಪೈಪು ಬಂತು. ಕೊಳವೆಬಾವಿಯ ಕೈಪಂಪಿನ ಹಿಡಿ ಬಿಚ್ಚಿದರು. ಅಕ್ಕನ ಗಂಡ ಈಗ ಕೊಡಗಿನ ತೋಟಗಳ ಕಡೆ ಕೆಲಸಕ್ಕೆ ಹೋಗುತ್ತಾನಂತೆ. ಮಕ್ಕಳು ಆಕೆಯ ತವರಿನಲ್ಲಿದ್ದಾರೆ.